ಬರಿಗೈಲಿ ಬರಲಾರದ ಬಂಧುಗಳಿಗೆ

ಮದಕರಿಪುರ
ಚಿತ್ರದುರ್ಗ ತಾಲ್ಲೂಕು

ನಮ್ಮನೆಯವರನ್ನು ನೋಡಿಕೊಂಡು ಹೋದ, ನೋಡಲು ಬರುತ್ತಿರುವ, ಮುಂದಿನ ಭಾನುವಾರ ಬಂದೇ ಬರುತ್ತೇವೆಂದು ಫೋನ್ ಮಾಡಿರುವ ಸಮಸ್ತ ಬಂಧುಬಳಗಕ್ಕೆ,

ನಿಮ್ಮ ಉಪಕಾರ ದೊಡ್ಡದು. ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವಳು ನಾನು, ಎಣಿಸದೆ ಇದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಇವರಿಗೆ ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ 40 ದಿನದಲ್ಲಿ ನಮ್ಮ ನಡುಮನೆಗೆ ಬಂದು ಸೇರಿದ್ದು ಇಷ್ಟು: 2 ಲೀಟರಿನ ಕಪ್ಪು ಬಾಟಲಿ 11, ಕಿತ್ತಳೆ ಬಣ್ಣದ್ದು 6, ಮಾವಿನಹಣ್ಣಿನ ಚಿತ್ರ ಇರುವುದು 14, ಮೆಡಿಕಲ್ ಶಾಪಿನ ಸಿಹಿ ಪೊಟ್ಟಣ ಒಂದು ಡಜನ್, ಮಕ್ಕಳು ಕುಡಿದು ಎತ್ತರ ಆಗುವ ಪುಡಿಯ ಡಬ್ಬಿ 4. ಎಪ್ಪತ್ತೊಂದನೇ ವಯಸ್ಸಿನಲ್ಲಿ ಇವರು ಇನ್ನೆಷ್ಟು ಎತ್ತರ ಆಗಲಿ ಎಂದು ನಿಮ್ಮ ಆಸೆಯೋ ಕಾಣೆ. ಇದಲ್ಲದೆ ಹಿರಿಯೂರಿನ ಬೀಗರು ತಂದ ಎಳನೀರು ಒಂದು ಮೂಟೆ. ಅದರ ಮಾತು ಆಮೇಲೆ.

ಕುಡಿಯುವ ನೀರು ತಂದವರು: ಯಾರೂ ಇಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತಲ್ಲ, ಆಗ ನಾನೂ ಕುಣಿದಿದ್ದೆ. ಹೊಸದುರ್ಗದ ನಾದಿನಿ, ಹೊಳಲ್ಕೆರೆ ಚಿಕ್ಕಮ್ಮ, ಸಿರಿಗೆರೆ ಕಡೆಯ ವಾರಗಿತ್ತಿಯರು ಎಲ್ಲರೂ ಈಗ ನೆನೆದಾಗ ಬಂದು ಹೋಗುತ್ತಾರೆ. ಟಿಕೆಟ್ಟಿನ ದುಡ್ಡು ಉಳಿಯಿತು, ಅದು ಬಸ್‌ಸ್ಟಾಂಡಿನ ಅಂಗಡಿಯಲ್ಲಿ ಬಾಟಲಿಯಾಯಿತು, ಬಾಟಲಿ ನಮ್ಮನೆಗೆ ಬಂತು. ಸರ್ಕಾರ ಕೊಟ್ಟ ಶಕ್ತಿ ಹೀಗೆ ಸುತ್ತಿ ಬಳಸಿ ಇವರ ಹಾಸಿಗೆಯ ಪಕ್ಕದಲ್ಲಿ ಸಾಲಾಗಿ ನಿಂತಿದೆ.

ಇನ್ನು ಆ ದಿನದ ಕಥೆ. ನೀವು ಒಬ್ಬೊಬ್ಬರೂ ಕೇಳಿದಿರಿ, ನಾನು ಒಬ್ಬೊಬ್ಬರಿಗೂ ಹೇಳಿದೆ. ಆದರೆ ನಡುವೆ ಟೀ ಕಾಸಲು ಎದ್ದು ಹೋಗುತ್ತಿದ್ದುದರಿಂದ ಯಾರಿಗೂ ಪೂರ್ತಿ ಹೇಳಿದ ಹಾಗಾಗಲಿಲ್ಲ.

ಸಂಜೆ ಐದೂವರೆ. ಇವರು ಜಗಲಿಕಟ್ಟೆ ಮೇಲೆ ಕೂತು ಆ ದಿನದ ಆರನೇ ಟೀ ಕುಡಿಯುತ್ತಿದ್ದರು. ಬಾಯಿಯ ಬಲಮೂಲೆಯಿಂದ ಟೀ ಸೋರಿ ಬಿಳಿ ಅಂಗಿಯ ಮೇಲೆ ಇಳಿಯಿತು. ‘ನಿನ್ನೆ ತಾನೇ ಒಗೆದಿದ್ದೀನಿ, ಮಗು ತರ ಸುರ್ಕೊಂತೀರಲ್ಲ’ ಎಂದು ಬೈದೆ. ಲೋಟ ಕೈಯಿಂದ ಜಾರಿ ಉರುಳಿತು. ಅದಕ್ಕೂ ಬೈದೆ. ಅವರು ಏನೋ ಹೇಳಲು ಹೋದರು, ನಾಲಿಗೆ ದಪ್ಪಗಾಗಿ ಮಾತು ಮುದ್ದೆ ಮುದ್ದೆಯಾಗಿ ಬಂತು. ಆಗ ನನಗೆ ಭಯವಾಗಿ ಕೂಗಿಕೊಂಡೆ. ಬೀದಿ ಸೇರಿತು. ಬೀದಿ ಸೇರಿದ ಮೇಲೆ ಕೇಳಬೇಕೆ, ರೋಗ ಗುರುತಿಸಿದ್ದೂ ಆಯಿತು: ‘ಗ್ಯಾಸ್ಟ್ರಿಕ್ಕು!’ ನಮ್ಮ ಕಡೆ ಎದೆ ನೋವಾದರೂ ಗ್ಯಾಸ್ಟ್ರಿಕ್ಕು, ತಲೆ ಸುತ್ತಿದರೂ ಗ್ಯಾಸ್ಟ್ರಿಕ್ಕು, ಮನುಷ್ಯ ನೆಲಕ್ಕೆ ಬಿದ್ದರೂ ಗ್ಯಾಸ್ಟ್ರಿಕ್ಕು. ಸೋಡಾ ಬಂತು. ಬಾಯಿಗೆ ಹುಯ್ದರು, ಮೂಗಿನಲ್ಲಿ ಬಂತು. ‘ಲೋ ಬಿ.ಪಿ. ಇರಬೇಕು’ ಎಂದು ಇನ್ನೊಬ್ಬರು ಉಪ್ಪು ಕದಡಿದ ಮಜ್ಜಿಗೆ ತಂದರು. ‘ಶುಗರ್ ಇಳಿದೈತೆ’ ಎಂದು ಮತ್ತೊಬ್ಬರು ಸಕ್ಕರೆ ನೀರು. ಎದುರುಮನೆ ಅಕ್ಕ ಕಹಿ ಕಾಫಿ. ಕುಡಿಸಿದ್ದೆಲ್ಲ ಗಂಟಲಲ್ಲಿ ನಿಂತು ಇವರು ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಒಂದು ಗಂಟೆಯೊಳಗೆ ನಾಲ್ಕು ತರದ ಪಾನೀಯ! ನಮ್ಮ ಮದುವೆ ದಿನವೂ ಇವರಿಗೆ ಅಷ್ಟು ಉಪಚಾರ ಆಗಿರಲಿಲ್ಲ.

ಐದನೆಯದಾಗಿ ಒಬ್ಬ ಹಿರಿಯರು ಪಾರಿವಾಳ ಹುಡುಕಲು ಹೇಳಿದರು. ಬಿಸಿ ರಕ್ತ ಬಿದ್ದ ಕೈಗೆ ತಿಕ್ಕಿದರೆ ಲಕ್ವ ಇಳಿಯುತ್ತದಂತೆ. ಪಾರಿವಾಳದ ಪುಣ್ಯ, ಆ ಹೊತ್ತಿಗೆ ಸಿಕ್ಕಲಿಲ್ಲ.

ಕೊನೆಗೆ ಪಿ.ಯು. ಓದುವ ಹುಡುಗನೊಬ್ಬ, ಯಾವಾಗಲೂ ಮೊಬೈಲ್ ಹಿಡಿದು ಕೂರುತ್ತಾನೆಂದು ನಾವೆಲ್ಲ ಬೈಯುವ ಹುಡುಗ, ಮುಂದೆ ಬಂದು ‘ತಾತಾ, ಒಂಚೂರು ನಗಿ’ ಎಂದ. ಅರ್ಧ ಮುಖ ಮಾತ್ರ ನಕ್ಕಿತು. ‘ಎರಡೂ ಕೈ ಎತ್ತಿ’ ಎಂದ. ಬಲಗೈ ಎತ್ತಿದ ಹಾಗೇ ಕೆಳಗೆ ಬಂತು. ‘ಅಜ್ಜಿ, ಇದು ಸ್ಟ್ರೋಕು, ಏನೂ ಕುಡಿಸ್ಬೇಡಿ’ ಎಂದು 108ಕ್ಕೆ ಫೋನ್ ಮಾಡಿದ. ದುರ್ಗದಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಗಂಟೆಗೆ ಶುರುವಾಯಿತು ಎಂದು. ರಕ್ತ ಹೆಪ್ಪುಗಟ್ಟಿ ಬರುವ ಲಕ್ವಕ್ಕೆ ಹೆಪ್ಪು ಕರಗಿಸುವ ಸೂಜಿಮದ್ದು ಇದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನನ್ನ ಬಾಯಿಂದ ಬಂದದ್ದು ‘ಆರನೇ ಟೀ ಹೊತ್ತಿಗೆ’. ಡಾಕ್ಟರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಟೀ ಹೊತ್ತು ತಪ್ಪದ ಮನೆಯಾದ್ದರಿಂದ ಅದು ಐದೂವರೆಯೇ ಎಂದು ಆಣೆ ಮಾಡಿ ಹೇಳಬಲ್ಲವಳಾಗಿದ್ದೆ. ಅಷ್ಟರ ಮಟ್ಟಿಗೆ ಟೀ ಇವರನ್ನು ಕಾಪಾಡಿತು ಎನ್ನಿ.

ಆ ರಾತ್ರಿಯೆಲ್ಲ ಬಾಯಿಗೆ ತೊಟ್ಟು ನೀರಿಲ್ಲ. ಲಕ್ವ ಹೊಡೆದಾಗ ನುಂಗುವ ಸ್ನಾಯುಗಳೂ ಸೋಲುತ್ತವಂತೆ. ಕುಡಿಸಿದ್ದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿದರೆ ಲಕ್ವದಿಂದ ಉಳಿದವರು ನ್ಯುಮೋನಿಯಾದಿಂದ ಹೋಗುತ್ತಾರೆ. ಮರುದಿನ ಬೆಳಿಗ್ಗೆ ನರ್ಸಮ್ಮ ಒಂದು ಸ್ಟೀಲ್ ಬಟ್ಟಲಲ್ಲಿ ನೀರು ತಂದರು. ಇವರನ್ನು ನೆಟ್ಟಗೆ ಕೂರಿಸಿ, ಒಂದು ಚಮಚ ಬಾಯಿಗೆ ಬಿಟ್ಟು, ಎರಡು ಬೆರಳನ್ನು ಗಂಟಲ ಗಂಟಿನ ಮೇಲಿಟ್ಟು ಕಾದರು. ಗಂಟು ಮೇಲೆ ಹೋಗಿ ಕೆಳಗೆ ಬಂತು. ಕೆಮ್ಮಲಿಲ್ಲ. ‘ಆ ಅನ್ನಿ ತಾತ’ ಎಂದರು. ಇವರು ‘ಆ’ ಎಂದರು. ದನಿ ಗೊರಗೊರ ಎನ್ನಲಿಲ್ಲ. ಆಮೇಲೆ ಎರಡನೇ ಚಮಚ. ನಲವತ್ತೆರಡು ವರ್ಷದ ಸಂಸಾರದಲ್ಲಿ ಇವರು ನೀರು ಕುಡಿಯುವುದನ್ನು ನಾನು ಅಷ್ಟು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಹಾಗೆ ನೋಡಿದರೆ ಇವರು ನೀರು ಕುಡಿದದ್ದನ್ನೇ ನಾನು ಹೆಚ್ಚು ನೋಡಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಮಗಳು ಒಂದು ಸಂಶೋಧನೆಯ ಸುದ್ದಿ ಓದಿ ಹೇಳಿದಳು. ಅವಳು ನರ್ಸಿಂಗ್ ಓದಿದವಳು, ಅರ್ಧ ಓದಿ ಅರ್ಧ ಬೈದಳು. ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯ, ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಸೇರಿ 27 ದೇಶಗಳ ಸುಮಾರು 27,000 ಜನರ ಲೆಕ್ಕ ಹಾಕಿ 2024ರಲ್ಲಿ ಪ್ರಕಟಿಸಿದ್ದಾರೆ. ‘ಇಂಟರ್‌ಸ್ಟ್ರೋಕ್’ ಎಂಬ ದೊಡ್ಡ ಅಧ್ಯಯನದ ಭಾಗ ಅದು. ಆ ಅಧ್ಯಯನದಲ್ಲಿ ನಮ್ಮ ದೇಶದವರೂ ಇದ್ದರು, ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರು ಅದರಲ್ಲಿ ಕೆಲಸ ಮಾಡಿದ್ದಾರೆ. ಲಕ್ವ ಹೊಡೆದವರನ್ನೂ ಹೊಡೆಯದವರನ್ನೂ ‘ನೀವು ದಿನಾ ಏನೇನು ಕುಡೀತಿದ್ರಿ’ ಎಂದು ಕೇಳಿ ಹೋಲಿಸಿದ ಲೆಕ್ಕ. ಇದರಿಂದಲೇ ಅದಾಯಿತು ಎಂದು ಸಾಕ್ಷಿ ಹೇಳುವಂಥದ್ದಲ್ಲ, ಇವೆರಡೂ ಜೊತೆಜೊತೆಗೆ ಓಡಾಡುತ್ತಿದ್ದವು ಎಂದು ಬೀದಿಯವರು ಹೇಳುವ ಹಾಗೆ. ಬೀದಿಯವರ ಮಾತನ್ನು ಪೂರ್ತಿ ನಂಬಬಾರದು. ಪೂರ್ತಿ ತಳ್ಳಿಹಾಕಿದರೂ ಕಷ್ಟ.

ಗ್ಯಾಸು ತುಂಬಿದ ತಂಪು ಪಾನೀಯ ಕುಡಿಯುವವರಲ್ಲಿ ಸ್ಟ್ರೋಕಿನ ಸಾಧ್ಯತೆ ನೂರಕ್ಕೆ 22ರಷ್ಟು ಹೆಚ್ಚು ಕಂಡಿತಂತೆ. ದಿನಕ್ಕೆ ಎರಡು ಮೂರಾದರೆ ಇನ್ನೂ ಮೇಲೆ. ಆ 11 ಕಪ್ಪು ಬಾಟಲಿ ತಂದ ನನ್ನ ಅಣ್ಣತಮ್ಮಂದಿರೇ, ಬಾಟಲಿಯ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ. ನೂರು ಮಿಲಿಲೀಟರಿಗೆ ಸಕ್ಕರೆ ಹತ್ತು ಗ್ರಾಮಿಗೂ ಮೇಲೆ. ಒಂದು ಕಾಲು ಲೀಟರ್ ಲೋಟದಲ್ಲಿ ಸುಮಾರು 26 ಗ್ರಾಂ, ಐದಾರು ಟೀ ಚಮಚ. ನಾನು ಟೀಗೆ ಐದು ಚಮಚ ಸಕ್ಕರೆ ಹಾಕಿ ಕೊಟ್ಟರೆ ನೀವು ಉಗಿದು ಎದ್ದು ಹೋಗುತ್ತೀರಿ. ಅದನ್ನೇ ತಣ್ಣಗೆ ಮಾಡಿ ಗುಳ್ಳೆ ಎಬ್ಬಿಸಿ ಕೊಟ್ಟರೆ ‘ಹೊಟ್ಟೆ ಹಗುರಾಯ್ತು’ ಎನ್ನುತ್ತೀರಿ.

ಮಾವಿನಹಣ್ಣಿನ ಚಿತ್ರ ತಂದ ಹದಿನಾಲ್ಕು ಮಂದಿ ಇಲ್ಲಿ ಸಮಾಧಾನದ ಉಸಿರು ಬಿಟ್ಟಿರಬೇಕು. ‘ನಾವು ಹಣ್ಣಿನ ರಸ ತಂದಿದ್ದಪ್ಪ, ಆರೋಗ್ಯಕ್ಕೆ ಒಳ್ಳೇದು.’ ಕಾರ್ಖಾನೆಯ ಹಣ್ಣಿನ ರಸದ ಪಾನೀಯ ಕುಡಿಯುವವರಲ್ಲಿ ಮೆದುಳಲ್ಲಿ ರಕ್ತನಾಳ ಒಡೆದು ಆಗುವ ಸ್ಟ್ರೋಕಿನ ಸಾಧ್ಯತೆ ನೂರಕ್ಕೆ 37ರಷ್ಟು ಹೆಚ್ಚು, ದಿನಕ್ಕೆ ಎರಡು ಕುಡಿದರೆ ಮೂರು ಪಟ್ಟು, ಅದರಲ್ಲೂ ಹೆಂಗಸರಿಗೆ ಜಾಸ್ತಿ ಎಂದು ಅದೇ ಲೆಕ್ಕ ಹೇಳುತ್ತದೆ. ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಹಾಕಿಕೊಳ್ಳಬೇಡಿ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು. ಮೆಡಿಕಲ್ ಶಾಪಿನ ಸಿಹಿ ಪೊಟ್ಟಣಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು 2025ರ ಅಕ್ಟೋಬರ್‌ನಲ್ಲಿ ಮತ್ತೊಂದು ಆದೇಶ. ನಿಜವಾದ ಓಆರ್‌ಎಸ್ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುವ ಉಪ್ಪುಪ್ಪು ನೀರು, ಅದನ್ನು ಯಾರೂ ಬಾಯಿ ಚಪ್ಪರಿಸಿ ಕುಡಿಯುವುದಿಲ್ಲ. ಆದೇಶದಿಂದ ಹೆಸರು ಹೋಯಿತು, ನಮ್ಮ ಬಾಯಲ್ಲಿ ಅದಿನ್ನೂ ಓಆರ್‌ಎಸ್ಸೇ.

ಹೊಳಲ್ಕೆರೆ ಮೈದುನನ ಪ್ರೀತಿ ಬೇರೆ ತರ. ನಾನು ಅಡುಗೆಮನೆಯಲ್ಲಿದ್ದಾಗ ಅಣ್ಣನ ಕಿವಿಯಲ್ಲಿ ‘ಅಳತೆಯಲ್ಲಿ ಒಂದು ನೈಂಟಿ ಹಾಕಿದ್ರೆ ರಕ್ತ ಸಲೀಸಾಗಿ ಓಡ್ತದೆ, ಅಣ್ಣ’ ಎಂದದ್ದು ನನಗೆ ಕೇಳಿಸಿತು. ಗೋಡೆ ತೆಳುವಾಗಿದೆ. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಂತಾಗ ಇವನು ಮೂರು ದಿನ ಊಟ ಬಿಟ್ಟಿದ್ದ. ಈಗ ವಿಸ್ಕಿಯೂ ಮಾವಿನ ರಸದ ಹಾಗೆ ಟೆಟ್ರಾ ಪ್ಯಾಕಿನಲ್ಲಿ ಬರುವುದರಿಂದ ಜೇಬಿನಲ್ಲಿ ಯಾವುದಿದೆ ಎಂದು ಮುಟ್ಟಿ ನೋಡಿದರೂ ತಿಳಿಯುವುದಿಲ್ಲ. ಮದ್ಯಕ್ಕೆ ‘ಇಷ್ಟಾದರೆ ಅಪಾಯವಿಲ್ಲ’ ಎಂಬ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಮೈದುನಾ, ನೀನು ಅಳತೆಯಲ್ಲಿ ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಟೀ. ಇಲ್ಲಿ ನಾನೇ ಕಳ್ಳಿ. ನಮ್ಮನೆ ಟೀಪುಡಿಯ ಲೆಕ್ಕ ತಿಂಗಳಿಗೆ ಒಂದೂವರೆ ಕೆ.ಜಿ. ಗಾಲ್ವೇಯವರ ಲೆಕ್ಕದಲ್ಲಿ ಟೀಗೆ ಒಳ್ಳೆ ಹೆಸರೇ ಬಂದಿದೆ. ಒಟ್ಟಾರೆ ಟೀ ಕುಡಿಯುವವರಲ್ಲಿ ಸ್ಟ್ರೋಕು ಕಡಿಮೆ ಕಂಡಿತು ಎಂದು ಮಗಳು ಓದಿದಾಗ ಆಸ್ಪತ್ರೆ ಎಂದೂ ನೋಡದೆ ನಾನು ‘ನೋಡಿದ್ಯಾ’ ಎಂದುಬಿಟ್ಟೆ. ಅವಳು ಮುಂದಿನ ಸಾಲು ಓದಿದಳು. ಹಾಲು ಹಾಕಿದರೆ ಆ ಪ್ರಯೋಜನ ಕಾಣಲಿಲ್ಲವಂತೆ. ಅದರ ಮುಂದಿನದೂ ಓದಿದಳು. ಚೀನಾದಲ್ಲಿ, ದಕ್ಷಿಣ ಅಮೆರಿಕದಲ್ಲಿ ಟೀ ಕುಡಿಯುವವರಿಗೆ ಸ್ಟ್ರೋಕು ಕಡಿಮೆ, ನಮ್ಮ ದಕ್ಷಿಣ ಏಷ್ಯಾದಲ್ಲಿ ಹೆಚ್ಚು! ಯಾಕೆ ಎನ್ನುವುದಕ್ಕೆ ನನಗೆ ಯಾವ ಪ್ರೊಫೆಸರೂ ಬೇಕಿಲ್ಲ, ನಮ್ಮ ಪಾತ್ರೆಯೊಳಗೆ ಇಣುಕಿದರೆ ಸಾಕು ಎನ್ನಿಸಿತು. ನಾವು ಟೀ ಎನ್ನುವುದು ಹಾಲು ಸಕ್ಕರೆಯನ್ನು ಕೆನೆಗಟ್ಟುವ ತನಕ ಕುದಿಸಿ ಮೇಲೆ ಟೀಪುಡಿಯ ನೆರಳು ಬೀಳಿಸಿದ್ದನ್ನು. ಆಮೇಲೆ ಜೊತೆಗೆ ಮಿರ್ಚಿ, ಖಾರ ಮಂಡಕ್ಕಿ. ಚೀನಾದವರು ಪಾಪ ಬರೀ ಎಲೆ ನೀರು ಕುಡಿದು ಬದುಕಿಕೊಂಡಿದ್ದಾರೆ. ಕಾಫಿಯವರಿಗೂ ಒಂದು ಮಾತು: ದಿನಕ್ಕೆ ನಾಲ್ಕು ಕಪ್ಪು ದಾಟಿದರೆ ಅಲ್ಲೂ 37.

ಹಿರಿಯೂರಿನ ಬೀಗರೇ, ನಿಮ್ಮ ಮೂಟೆಯ ಸರದಿ. ಎಲ್ಲರ ಪೈಕಿ ನಿಮ್ಮದೇ ಮೇಲು, ಒಪ್ಪಿದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, ನಡುವೆ 89 ವರ್ಷ. ನೀರಿಗಾಗಿ ಅಷ್ಟು ಕಾದ ಸೀಮೆಯವರು ತೆಂಗಿನ ಕಾಯಿಯೊಳಗೆ ನೀರು ಕಟ್ಟಿಕೊಂಡು ಬಂದಿರಿ. ಡಾಕ್ಟರು ಮಾತ್ರ ಅದಕ್ಕೂ ಬೆರಳು ಅಡ್ಡ ಮಾಡಿದರು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಸರಿಯಿದ್ದವರಿಗೆ ಒಳ್ಳೆಯದು, ಇವರಿಗೆ ಕೊಟ್ಟಿರುವ ಬಿ.ಪಿ. ಮಾತ್ರೆಯೂ ಪೊಟ್ಯಾಸಿಯಂ ಹಿಡಿದಿಡುವ ಜಾತಿಯದು, ಆದ್ದರಿಂದ ವಾರಕ್ಕೆ ಒಂದೆರಡು ಸಾಕು ಎಂದರು. ಮಿಕ್ಕಿದ್ದು ಬೀದಿ ಮಕ್ಕಳ ಪಾಲಾಯಿತು. ಬೇಜಾರು ಮಾಡಿಕೊಳ್ಳಬೇಡಿ.

ಬಿ.ಪಿ. ಎಂದಾಗ ನೆನಪಾಯಿತು. ಅದೇ ಇಂಟರ್‌ಸ್ಟ್ರೋಕಿನವರು 2016ರಲ್ಲಿ ಹೇಳಿದ್ದು, ಸ್ಟ್ರೋಕಿನ ಹೊರೆಯಲ್ಲಿ ಹೆಚ್ಚುಕಡಿಮೆ ಅರ್ಧ ಏರಿದ ರಕ್ತದೊತ್ತಡ ಒಂದರದ್ದೇ. ಇವರು ಬಿ.ಪಿ. ಮಾತ್ರೆಯನ್ನು ‘ಈಗ ಆರಾಮಿದ್ದೀನಲ್ಲ’ ಎಂದು ಎರಡು ತಿಂಗಳಿಂದ ನುಂಗಿರಲಿಲ್ಲ. ಅದು ಆಸ್ಪತ್ರೆಯಲ್ಲಿ ಹೊರಬಿತ್ತು. ಹೀಗಿರುವಾಗ ಎಲ್ಲ ಪಾಪವನ್ನೂ ನಿಮ್ಮ ಬಾಟಲಿಗಳ ತಲೆಗೆ ಕಟ್ಟಿದರೆ ನನ್ನ ನಾಲಿಗೆ ಬಿದ್ದುಹೋದೀತು. ಮಾತ್ರೆ ನುಂಗಲು ನೀರು ಬೇಕಾಗುತ್ತದೆ, ಇವರಿಗೆ ನೀರು ಕಂಡರಾಗದು. ಟೀಯಲ್ಲಿ ನುಂಗಬಹುದಾ ಎಂದು ಒಮ್ಮೆ ಕೇಳಿದ್ದರು.

ಹಾಗೆಂದು ನೀರಿನ ವಿಷಯದಲ್ಲಿ ಇವರೊಬ್ಬರನ್ನೇ ಅನ್ನುವಂತಿಲ್ಲ. ದಿನಕ್ಕೆ ಏಳು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವವರಲ್ಲಿ ಹೆಪ್ಪುಗಟ್ಟುವ ಸ್ಟ್ರೋಕು ಕಡಿಮೆ ಎಂದು ಮಗಳು ಓದಿದಾಗ ನಾನು ನನ್ನ ಲೋಟ ಎಣಿಸಿದೆ. ಎರಡು, ಹೆಚ್ಚೆಂದರೆ ಮೂರು. ನಮ್ಮ ಕಾಲದ ಶಾಲೆಗಳಲ್ಲಿ ಟೀಚರಮ್ಮಂದಿರಿಗೆ ಹೋಗಿ ಬರಲು ಜಾಗ ಇರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆಗೆ ಬಂದೇ. ಆದ್ದರಿಂದ ನೀರು ಕುಡಿಯದೆ ಇರುವುದನ್ನೇ ಕಲಿತೆ, ಎಷ್ಟು ಚೆನ್ನಾಗಿ ಕಲಿತೆ ಎಂದರೆ ನಿವೃತ್ತಿಯಾಗಿ ಆರು ವರ್ಷವಾದರೂ ಮರೆತಿಲ್ಲ. ನಾದಿನಿಯರೇ, ನೀವು ಹೊಸದುರ್ಗದಿಂದ ಬಸ್ಸು ಹತ್ತುವ ಮುಂಚೆ ಬಾಯಿ ಒಣಗಿದರೂ ನೀರು ಮುಟ್ಟುವುದಿಲ್ಲ, ಯಾಕೆಂದು ನನಗೆ ಗೊತ್ತು. ವಯಸ್ಸಾದಂತೆ ಬಾಯಾರಿಕೆ ಎನ್ನುವುದೇ ಮಂದವಾಗುತ್ತದೆ, ದೇಹಕ್ಕೆ ನೀರು ಬೇಕಿದ್ದರೂ ಗಂಟಲು ಕೇಳುವುದಿಲ್ಲ. ದುರ್ಗದ ಬೇಸಿಗೆಯಲ್ಲಿ ಹೀಗೆ ಒಣಗಿ ಕೂತ ಮುದುಕ ಮುದುಕಿಯರ ಮುಂದೆ ನೀವು ತಂದಿಡುವುದು ಸಕ್ಕರೆ.

ನಮ್ಮ ಕೊಳವೆಬಾವಿಗಳ ಫ್ಲೋರೈಡ್ ಕಥೆ ನಿಮಗೆ ಗೊತ್ತಿರುವುದೇ. ಕುಡಿಯುವ ನೀರೆಂದರೆ ಊರಿನ ಶುದ್ಧ ನೀರಿನ ಘಟಕದ ನೀರು. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ತುಂಬಿದ ಕ್ಯಾನು ಇಪ್ಪತ್ತು ಕೆ.ಜಿ., ನನ್ನ ಮಂಡಿ ಅರವತ್ತಾರು ವರ್ಷದ್ದು. ಇವರು ಆರೋಗ್ಯವಾಗಿದ್ದಾಗ ಟಿ.ವಿ.ಎಸ್.ನ ಮುಂದೆ ಇಟ್ಟುಕೊಂಡು ತರುತ್ತಿದ್ದರು. ಈಗ ಕ್ಯಾನು ತರುವವರಿಲ್ಲದೆ ಆ ನೀರನ್ನು ತುಪ್ಪದ ಹಾಗೆ ಬಳಸುತ್ತಿದ್ದೇನೆ. ಮೂಲೆಯಲ್ಲಿ ಅರವತ್ತು ಲೀಟರಿಗೂ ಮೇಲೆ ಬಣ್ಣದ ನೀರು, ಕುಡಿಯುವ ನೀರು ಕ್ಯಾನಿನ ತಳದಲ್ಲಿ ನಾಲ್ಕು ಬೆರಳು.

ಓಬವ್ವನ ಕಥೆಯನ್ನು ದುರ್ಗದವರಿಗೆ ನಾನು ಹೇಳಬೇಕಾಗಿಲ್ಲ, ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಕಾವಲಿನ ಗಂಡ ಮನೆಗೆ ಬಂದು ಊಟಕ್ಕೆ ಕೂತಿದ್ದಾನೆ, ಮನೆಯಲ್ಲಿ ನೀರಿಲ್ಲ, ಓಬವ್ವ ತರಲು ಹೋಗುತ್ತಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಕಾಣುತ್ತಾರೆ. ಈಗ ಅನ್ನಿಸುತ್ತದೆ, ಅವತ್ತು ಯಾರಾದರೂ ನೆಂಟರು ಬಂದು ಒಂದು ಕಪ್ಪು ಬಾಟಲಿ ಇಟ್ಟು ಹೋಗಿದ್ದರೆ ಆಕೆ ಕೊಡ ಹಿಡಿದು ಹೊರಡುತ್ತಲೇ ಇರಲಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿಯರ ಹೊಂಡಕ್ಕೆ ಇಳಿದು, ಸಿಹಿನೀರು ಹೊಂಡ ದಾಟಿ ಸಂತೆಹೊಂಡ ಸೇರುವ ಹಾಗೆ ಕಟ್ಟಿದ ಪಾಳೇಗಾರರ ಊರಿನವರು ನಾವು. ಮನೆಗೆ ಬಂದವರಿಗೆ ಮೊದಲು ಚೊಂಬು ನೀರು, ಬೆಲ್ಲದ ಚೂರು ಕೊಟ್ಟು ಆಮೇಲೆ ಕ್ಷೇಮ ಕೇಳುತ್ತಿದ್ದ ಮನೆಗಳೂ ನಮ್ಮವೇ. ಈಗ ಬಂದವರಿಗೆ ಬರೀ ನೀರು ಕೊಟ್ಟರೆ ‘ನೀರು ಕೊಟ್ಟು ಕಳಿಸಿದ್ಲು’ ಎಂದು ಮಾತಾಗುತ್ತದೆ. ಅದಕ್ಕೇ ಹೆದರಿ ನಾನೂ 40 ದಿನ ನಿಮಗೆಲ್ಲ ಟೀ ಕಾಸಿದ್ದೇನೆ. ನಿಮ್ಮ ಬಿ.ಪಿ. ಎಷ್ಟಿದೆ ಎಂದು ಒಬ್ಬರನ್ನೂ ಕೇಳಲಿಲ್ಲ. ನೀವು ನಮಗೆ, ನಾನು ನಿಮಗೆ.

ನಿಮ್ಮ ಉಡುಗೊರೆ ಹಾಳಾಗಿಲ್ಲ ಎಂದು ತಿಳಿಸಲು ಸಂತೋಷ. ಕಪ್ಪು ಬಾಟಲಿಯದನ್ನು ರಾತ್ರಿ ಸುರಿದು ಬಿಟ್ಟು ಬೆಳಿಗ್ಗೆ ಉಜ್ಜಿದೆ, ಗಡಸು ನೀರಿನಿಂದ ಕಕ್ಕಸಿನ ಗುಂಡಿಗೆ ಹಿಡಿದಿದ್ದ ಕಲೆ ಹೋಯಿತು. ಆಸಿಡ್ಡಿಗೆ ದುಡ್ಡು ಕೊಡುವುದು ಉಳಿಯಿತು. ಖಾಲಿ ಬಾಟಲಿ ತೊಳೆದು ಘಟಕದ ನೀರು ತುಂಬಿ ಇವರ ತಲೆದೆಸೆ ಇಟ್ಟಿದ್ದೇನೆ. ಮಗಳು ಅದರ ಮೈಮೇಲೆ ಪೆನ್ನಿನಲ್ಲಿ ಗೆರೆ ಎಳೆದಿದ್ದಾಳೆ: ಹತ್ತು ಗಂಟೆಗೆ ಇಲ್ಲಿಗೆ, ಒಂದಕ್ಕೆ ಇಲ್ಲಿಗೆ, ಸಂಜೆ ಇಲ್ಲಿಗೆ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ನೀರಿಗೂ ಲೆಕ್ಕ ಉಂಟಂತೆ, ಇವರ ಗೆರೆಯನ್ನು ಡಾಕ್ಟರನ್ನು ಕೇಳಿಯೇ ಎಳೆದದ್ದು. ಪಕ್ಕದಲ್ಲಿ ನನಗೂ ಒಂದು ಬಾಟಲಿ ಇಟ್ಟಿದ್ದಾಳೆ. ಇವರು ಎಡಗೈಯಲ್ಲಿ ಎತ್ತಿ ಕುಡಿದು, ನನ್ನ ಗೆರೆಯನ್ನು ನೋಡಿ, ಅರ್ಧ ಮುಖದಲ್ಲಿ ನಗುತ್ತಾರೆ.

ಭಾನುವಾರ ಬನ್ನಿ. ಕ್ಯಾನು ಬಾಗಿಲ ಬಲಕ್ಕೆ ಇರುತ್ತದೆ. 5 ರೂಪಾಯಿ ನಾಣ್ಯ ಕಿಟಕಿಯ ಮೇಲೆ ಇಟ್ಟಿರುತ್ತೇನೆ. ಘಟಕಕ್ಕೆ ಬೆಳಿಗ್ಗೆ ಬೇಗ ಹೋದರೆ ಸಾಲು ಕಡಿಮೆ.

ಇಂತಿ ನಿಮ್ಮ,
ಟೀ ಕಾಸುವವಳು